ಲಿಜವೇತಾ ಎಲ್ಲಿ ಹೋದಳು?

'ಕ್ರೈಮ್ ಅಂಡ್ ಪನಿಶ್‌ಮೆಂಟ್' ಓದಿದೀನಿ ಅಂತ ಯಾರಾದ್ರೂ ಅಂದ್ರೆ ನಾನು ಕೇಳೋ ಮೊದಲ ಪ್ರಶ್ನೆ ಒಂದೇ. ಅದರಲ್ಲಿ ರಸ್ಕೋಲ್ನಿಕೋವ್ ಎಷ್ಟು ಜನರನ್ನ ಕೊಲ್ತಾನೆ? ಬಹಳಷ್ಟು ಜನ ತಡಮಾಡದೆ 'ಒಬ್ಬಳನ್ನ' ಅಂತಾರೆ. ಬಡ್ಡಿಗೆ ಸಾಲ ಕೊಡೋ ಮುದುಕಿ, ಕೊಡಲಿ, ಆಮೇಲೆ ಐನೂರು ಪುಟ ಪಶ್ಚಾತ್ತಾಪ. ಕೆಲವರು ಸ್ವಲ್ಪ ಯೋಚಿಸಿ, 'ಹೌದಲ್ವಾ, ಇನ್ನೊಬ್ಬಳು ಮಧ್ಯೆ ಬರ್ತಾಳೆ, ಅವಳ ತಂಗಿನೋ ಏನೋ' ಅಂತಾರೆ. ಹೆಸರು ಮಾತ್ರ ಯಾರ ಬಾಯಿಗೂ ಬರಲ್ಲ.

ಅವಳ ಹೆಸರು ಲಿಜವೇತಾ ಇವಾನೊವ್ನಾ. ಮುದುಕಿ ಅಲ್ಯೋನಾ ಇವಾನೊವ್ನಾಳ ಮಲತಂಗಿ. ವಯಸ್ಸು ಮೂವತ್ತೈದು. ಎತ್ತರದ ಆಳು, ಮೆತ್ತಗಿನ ಸ್ವಭಾವ. ಅಕ್ಕನ ಮನೆಯಲ್ಲಿ ಅಡುಗೆ, ಬಟ್ಟೆ ಒಗೆಯೋದು, ಹೊಲಿಗೆ, ಹೊರಗೆ ಹೋಗಿ ನೆಲ ಒರೆಸೋದು, ದುಡಿದದ್ದನ್ನೆಲ್ಲ ಅಕ್ಕನ ಕೈಗೆ ಹಾಕೋದು. ಅಷ್ಟು ದೊಡ್ಡ ಹೆಂಗಸು ಆ ಸಣ್ಣ ಮುದುಕಿಯ ಕೈಲಿ ಏಟು ತಿನ್ನುತ್ತಾಳೆ. ಮೊದಲ ಕೊಲೆಯಾಗಿ ಕೆಲವೇ ನಿಮಿಷಕ್ಕೆ, ಮುಚ್ಚೋದಕ್ಕೆ ಮರೆತ ಬಾಗಿಲಿನಿಂದ ಒಳಗೆ ಬಂದು, ಅಕ್ಕನ ಹೆಣದ ಮುಂದೆ ನಿಂತು, ಕಿರುಚಲೂ ಆಗದೆ ಸಾಯುತ್ತಾಳೆ. ಕೊಡಲಿ ಮೇಲೆತ್ತಿದಾಗ ಮುಖಕ್ಕೆ ಕೈ ಅಡ್ಡ ಹಿಡಿಯಬೇಕು ಅನ್ನೋದು ಕೂಡ ಅವಳಿಗೆ ತೋಚೋದಿಲ್ಲ. ಎಡಗೈಯನ್ನು ಒಂಚೂರು ಮುಂದೆ ಚಾಚುತ್ತಾಳೆ, ಅಷ್ಟೇ.

ಈ ಕಾದಂಬರಿ ಬಗ್ಗೆ ನೂರೈವತ್ತು ವರ್ಷದಿಂದ ಜನ ಮಾತಾಡಿದ್ದಾರೆ. ಆ ಮಾತುಗಳನ್ನೆಲ್ಲ ಒಂದು ಕಡೆ ಇಟ್ಟುಕೊಂಡು ನೋಡಿದರೆ ಓದುಗರ ಬಗ್ಗೆ ಒಂದು ಸಂಗತಿ ಹೊಳೆಯುತ್ತೆ. ನಾವೆಲ್ಲ ಮೊದಲ ಕೊಲೆ ಬಗ್ಗೆ ಜಗಳ ಆಡ್ತೀವಿ. ಎರಡನೆಯದರ ಬಗ್ಗೆ ಆಡಲ್ಲ. ಯಾಕೆ ಅನ್ನೋದೇ ನನ್ನ ತಕರಾರು.

ಮೊದಲಿನಿಂದ ಶುರುಮಾಡೋಣ. ಕಾದಂಬರಿ 1866ರಲ್ಲಿ ಕತ್ಕೋವ್ ಸಂಪಾದಕತ್ವದ 'ರುಸ್ಕಿ ವೆಸ್ತ್ನಿಕ್' ಪತ್ರಿಕೆಯಲ್ಲಿ ಕಂತುಗಳಲ್ಲಿ ಬಂತು. ಆ ವರ್ಷ ರಷ್ಯಾದಲ್ಲಿ ಓದುವವರೆಲ್ಲ ಓದಿದ್ದು, ಮಾತಾಡಿದ್ದು ಇದನ್ನೇ ಅಂತ ದಾಸ್ತೋವ್‌ಸ್ಕಿಯ ಗೆಳೆಯ, ವಿಮರ್ಶಕ ಸ್ತ್ರಾಖೋವ್ ನೆನಪಿಸಿಕೊಂಡಿದ್ದಾನೆ. ಗಟ್ಟಿ ನರದವರೂ ಓದಿ ಹುಷಾರು ತಪ್ಪಿದಂತಾದರಂತೆ, ಮೆತ್ತನೆಯವರು ಅರ್ಧಕ್ಕೇ ಬಿಟ್ಟರಂತೆ. ಅದರ ಜೊತೆಗೆ ಒಂದು ವಿಚಿತ್ರ ಕಾಕತಾಳೀಯ. ಮೊದಲ ಕಂತು ಓದುಗರ ಕೈ ಸೇರೋ ಹೊತ್ತಿಗೆ, 1866ರ ಜನವರಿಯಲ್ಲೇ, ಮಾಸ್ಕೋದಲ್ಲಿ ದನೀಲೊವ್ ಅನ್ನೋ ವಿದ್ಯಾರ್ಥಿ ಒಬ್ಬ ಗಿರವಿ ವ್ಯಾಪಾರಿಯನ್ನೂ ಅವನ ಮನೆಗೆಲಸದವಳನ್ನೂ ಕೊಂದಿದ್ದ. ಕಾದಂಬರಿಯೇ ಬೀದಿಗೆ ಬಂದಂತಾಯ್ತು. ದಾಸ್ತೋವ್‌ಸ್ಕಿಗೂ ಈ ಹೋಲಿಕೆ ಬಗ್ಗೆ ಒಳಗೊಳಗೇ ಹೆಮ್ಮೆ ಇತ್ತು. ಅಲ್ಲೂ ಸತ್ತವರು ಇಬ್ಬರು, ಅಲ್ಲೂ ಎರಡನೆಯವಳು ಮನೆಗೆಲಸದ ಹೆಣ್ಣು. ಆದರೆ ಎಲ್ಲರ ಬೆರಗು 'ವಿದ್ಯಾರ್ಥಿ' ಅನ್ನೋ ಪದದ ಮೇಲೆ ಹೋಗಿ ಕೂತಿತು.

ಜಗಳವೂ ಅಲ್ಲೇ ಎದ್ದಿತು. 'ಸೊವ್ರೆಮೆನ್ನಿಕ್' ಪತ್ರಿಕೆಯಲ್ಲಿ ಯೆಲಿಸೇಯೆವ್ ಅನ್ನೋ ವಿಮರ್ಶಕ ಕೆಂಡಾಮಂಡಲವಾದ. ಇದು ಇಡೀ ವಿದ್ಯಾರ್ಥಿ ಸಮುದಾಯದ ಮೇಲೆ ಹೊರಿಸಿದ ಅಪವಾದ, ಯಾವ ವಿದ್ಯಾರ್ಥಿ ಹೀಗೆ ದೋಚೋದಕ್ಕೆ ಕೊಲೆ ಮಾಡಿದ್ದಾನೆ ಅನ್ನೋದು ಅವನ ವಾದ. ಏಪ್ರಿಲ್‌ನಲ್ಲಿ ಕರಕೋಜೊವ್ ಅನ್ನೋ ಮಾಜಿ ವಿದ್ಯಾರ್ಥಿ ಝಾರ್ ಎರಡನೇ ಅಲೆಕ್ಸಾಂಡರನ ಮೇಲೆ ಗುಂಡು ಹಾರಿಸಿದ. ಆಮೇಲೆ ಸರ್ಕಾರ ಆ ಪತ್ರಿಕೆಯನ್ನೇ ಮುಚ್ಚಿಸಿತು. ಹೀಗಾಗಿ ಮೊದಲ ಓದುಗರಿಗೆ ಇದು ಎಡ-ಬಲದ ಪ್ರಶ್ನೆ, ಹೊಸ ಪೀಳಿಗೆಯ ಮರ್ಯಾದೆಯ ಪ್ರಶ್ನೆ ಆಗಿಹೋಯ್ತು. ಇವತ್ತು ಒಂದು ಸಿನಿಮಾ ಬಿಡುಗಡೆ ಆದ ತಕ್ಷಣ 'ನಮ್ಮ ಸಮುದಾಯಕ್ಕೆ ಅವಮಾನ' ಅಂತ ಶುರುವಾಗುತ್ತಲ್ಲ, ಹೆಚ್ಚುಕಮ್ಮಿ ಅದೇ ಜಾತಿಯ ಗಲಾಟೆ.

ಎರಡನೇ ಥರದ ಓದುಗ ಪೀಸಾರೆವ್. 1867ರಲ್ಲಿ ಬರೆದ ದೀರ್ಘ ಲೇಖನದಲ್ಲಿ ಅವನು ಹೇಳೋದರ ತಾತ್ಪರ್ಯ ಇಷ್ಟು: ರಸ್ಕೋಲ್ನಿಕೋವನ ರೋಗದ ಬೇರು ಅವನ ತಲೆಯಲ್ಲಿಲ್ಲ, ಜೇಬಿನಲ್ಲಿದೆ. ಸಿದ್ಧಾಂತ, ನೆಪೋಲಿಯನ್ ಎಲ್ಲ ಆಮೇಲೆ ಕಟ್ಟಿಕೊಂಡ ಕತೆ, ಮೂಲ ಕಾರಣ ಹಸಿವು.

ಹಳ್ಳಿಯಲ್ಲಿ ಬೆಳೆದ ನನ್ನಂಥವನಿಗೆ ಪೀಸಾರೆವ್ ತಕ್ಷಣ ಹತ್ತಿರವಾಗ್ತಾನೆ. ಕಾದಂಬರಿಯ ಆರಂಭದಲ್ಲೇ ಒಂದು ಲೆಕ್ಕ ಬರುತ್ತೆ, ನೋಡಿ. ರಸ್ಕೋಲ್ನಿಕೋವ್ ಅಪ್ಪನ ಬೆಳ್ಳಿ ಗಡಿಯಾರ ಅಡ ಇಡೋದಕ್ಕೆ ಹೋಗ್ತಾನೆ. ಮುದುಕಿ ಒಂದೂವರೆ ರೂಬಲ್ ಅಂತಾಳೆ. ತಿಂಗಳಿಗೆ ರೂಬಲ್‌ಗೆ ಹತ್ತು ಕೊಪೆಕ್ ಬಡ್ಡಿ. ಅದಕ್ಕೆ ಹದಿನೈದು ಕೊಪೆಕ್ ಮುಂಗಡ ಮುರಿದುಕೊಳ್ತಾಳೆ. ಹಿಂದಿನ ಎರಡು ರೂಬಲ್ ಸಾಲದ ಬಡ್ಡಿ ಇಪ್ಪತ್ತು ಕೊಪೆಕ್ ಅದನ್ನೂ ಮುರಿದುಕೊಳ್ತಾಳೆ. ಕೊನೆಗೆ ಕೈಗೆ ಸಿಗೋದು ಒಂದು ರೂಬಲ್ ಹದಿನೈದು ಕೊಪೆಕ್. ನೂರಕ್ಕೆ ತಿಂಗಳಿಗೆ ಹತ್ತು, ಅದೂ ಮುರಿದುಕೊಂಡು ಕೊಡೋದು! ಬಿತ್ತನೆ ಬೀಜಕ್ಕೋ ಮಗಳ ಮದುವೆಗೋ ಕೈಬಳೆ ಅಡ ಇಟ್ಟ ಮನೆಗಳಲ್ಲಿ ಬೆಳೆದವರಿಗೆ ಈ ಲೆಕ್ಕವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಎಷ್ಟೋ ಸಿನಿಮಾಗಳಲ್ಲಿ ಬಡ್ಡಿ ಸಾಹುಕಾರ ಸತ್ತರೆ ಥಿಯೇಟರಿನಲ್ಲಿ ಶಿಳ್ಳೆ ಬೀಳುತ್ತೆ. ಹಾಗಾಗಿ ಅಲ್ಯೋನಾ ಇವಾನೊವ್ನಾ ಸತ್ತಾಗ ನಮ್ಮಲ್ಲಿ ಹಲವರ ಹೊಟ್ಟೆಯೊಳಗೆ ಏನೂ ಅಲುಗಾಡೋದಿಲ್ಲ. 1958ರಲ್ಲಿ ರಮೇಶ್ ಸೈಗಲ್ ಇದೇ ಕಾದಂಬರಿ ಇಟ್ಟುಕೊಂಡು ರಾಜ್ ಕಪೂರ್, ಮಾಲಾ ಸಿನ್ಹಾ ಜೊತೆ 'ಫಿರ್ ಸುಬಹ್ ಹೋಗೀ' ಮಾಡಿದಾಗ, ಸಾಹಿರ್ ಬರೆದ ಹಾಡುಗಳು ಅದನ್ನು ಪೂರ್ತಿ ಬಡತನದ ಕತೆಯ ಕಡೆ ಎಳೆದುಕೊಂಡು ಹೋದವು. ಅದು ಪೀಸಾರೆವ್‌ನ ಓದೇ, ಖಯ್ಯಾಮ್ ಸಂಗೀತದ ಜೊತೆ.

ಆದರೆ ಈ ಓದಿಗೆ ಕಾದಂಬರಿಯೊಳಗೇ ಒಂದು ಅಡ್ಡಿ ಇದೆ. ಅವನ ಹೆಸರು ರಜುಮೀಖಿನ್. ಅವನೂ ದುಡ್ಡಿಲ್ಲದೆ ಓದು ಬಿಟ್ಟವನೇ, ಅವನ ಜೇಬೂ ಖಾಲಿ. ಅವನು ಅನುವಾದ ಮಾಡಿ ಬದುಕುತ್ತಾನೆ. ಮನೆಗೆ ಬಂದ ರಸ್ಕೋಲ್ನಿಕೋವನಿಗೂ ಜರ್ಮನ್ ಅನುವಾದದ ಕೆಲಸ ಕೊಟ್ಟು, ಮೂರು ರೂಬಲ್ ಮುಂಗಡ ಕೈಗಿಡ್ತಾನೆ. ರಸ್ಕೋಲ್ನಿಕೋವ್ ತಗೊಂಡು ಹೊರಗೆ ಹೋದವನು ಅರ್ಧ ದಾರಿಯಿಂದ ವಾಪಸ್ ಬಂದು ಹಾಳೆಯನ್ನೂ ಹಣವನ್ನೂ ಮೇಜಿನ ಮೇಲೆ ಇಟ್ಟು ಹೋಗಿಬಿಡ್ತಾನೆ. ಕದ್ದ ಪರ್ಸು? ಅದನ್ನು ಒಂದು ಕಲ್ಲಿನ ಕೆಳಗೆ ಹೂತಿಡ್ತಾನೆ, ತೆರೆದು ಸಹ ನೋಡಲ್ಲ. ಅದರಲ್ಲಿ ಇದ್ದದ್ದು 317 ರೂಬಲ್, ಇಪ್ಪತ್ತು ಕೊಪೆಕ್‌ನ ಮೂರು ನಾಣ್ಯ ಅಂತ ನಮಗೆ ಗೊತ್ತಾಗೋದು ಕೊನೆಗೆ, ವಿಚಾರಣೆ ನಡೆಯುವಾಗ. ಎಷ್ಟು ಹಣ ಕದ್ದೆ ಅಂತ ಕಳ್ಳನಿಗೇ ಗೊತ್ತಿಲ್ಲದಿರೋದನ್ನ ನಂಬೋದಕ್ಕೆ ಅಲ್ಲಿನ ಅಧಿಕಾರಿಗಳಿಗೂ ಕಷ್ಟ ಆಗುತ್ತೆ. ಬಡತನ ಅವನನ್ನ ಆ ಬೀರುವಿನಂಥ ಕೋಣೆಯಲ್ಲಿ ಕೂಡಿಹಾಕಿ ಕೊಳೆಸಿತು ಅನ್ನೋದು ಸರಿ. ಕೊಡಲಿ ಎತ್ತಿಸೋದಕ್ಕೆ ಮಾತ್ರ ಬೇರೆ ಏನೋ ಬೇಕಾಗಿತ್ತು.

ಆ ಬೇರೆ ಏನೋ ಒಂದು ಹೋಟೆಲಿನಲ್ಲಿ ಸಿಗುತ್ತೆ. ಒಬ್ಬ ವಿದ್ಯಾರ್ಥಿ, ಒಬ್ಬ ಯುವ ಅಧಿಕಾರಿ ಬಿಲಿಯರ್ಡ್ಸ್ ಮುಗಿಸಿ ಚಹಾ ಕುಡೀತಾ ಮಾತಾಡೋದು ರಸ್ಕೋಲ್ನಿಕೋವನ ಕಿವಿಗೆ ಬೀಳುತ್ತೆ. ವಿದ್ಯಾರ್ಥಿಯ ವಾದ ಇಷ್ಟೇ: ಯಾರಿಗೂ ಬೇಡದ, ಎಲ್ಲರಿಗೂ ಕೇಡು ಮಾಡೋ ಒಂದು ಮುದುಕಿ ಒಂದು ಕಡೆ. ಅವಳ ಹಣದಿಂದ ಉಳಿಯಬಹುದಾದ ನೂರಾರು ಜೀವ ಇನ್ನೊಂದು ಕಡೆ. ಇದು ಬರೀ ಗಣಿತ ತಾನೇ? ಅಧಿಕಾರಿ ಕೇಳ್ತಾನೆ, ನೀನೇ ಹೋಗಿ ಕೊಲ್ತೀಯಾ? ಇಲ್ಲಪ್ಪ, ನಾನು ನ್ಯಾಯದ ಮಾತಾಡ್ತಿದೀನಿ ಅಷ್ಟೆ ಅಂತಾನೆ ವಿದ್ಯಾರ್ಥಿ. ನೀನೇ ಮಾಡಲ್ಲ ಅಂದಮೇಲೆ ಎಲ್ಲಿಯ ನ್ಯಾಯ, ನಡಿ ಇನ್ನೊಂದು ಆಟ ಆಡೋಣ ಅಂತಾನೆ ಅಧಿಕಾರಿ.

ನಮ್ಮ ಐಟಿ ಜನಕ್ಕೆ ಈ ದೃಶ್ಯ ಸಕತ್ ಇಷ್ಟ. ಟ್ರಾಲಿ ಪ್ರಾಬ್ಲಮ್ ಬಗ್ಗೆ ಕ್ಯಾಂಟೀನಿನಲ್ಲಿ ಮುಕ್ಕಾಲು ಗಂಟೆ ವಾದ ಮಾಡೋ ಜನ ನಾವು. ಐದು ಜನರನ್ನ ಉಳಿಸೋದಕ್ಕೆ ಒಬ್ಬನ ಮೇಲೆ ರೈಲು ಹತ್ತಿಸಬಹುದಾ? ಇನ್‌ಪುಟ್ ಗೊತ್ತಿದೆ, ಔಟ್‌ಪುಟ್ ಗೊತ್ತಿದೆ, ಉತ್ತರ ಹೇಳೋದಷ್ಟೇ ಬಾಕಿ. ಕಾದಂಬರಿ ಓದಿದ ಗೆಳೆಯರು ಕೂಡ ಇದನ್ನೇ ಹಿಡ್ಕೋತಾರೆ. 'ಮುದುಕಿ ಸತ್ತಿದ್ದು ತಪ್ಪಾ, ಸರಿನಾ' ಅಂತ. ರಸ್ಕೋಲ್ನಿಕೋವ್ ಹಾಕಿಕೊಟ್ಟ ಪ್ರಶ್ನೆಪತ್ರಿಕೆಯನ್ನೇ ನಾವು ಬಿಡಿಸ್ತಾ ಕೂರ್ತೀವಿ.

ಈಗ ಅದೇ ಹೋಟೆಲ್ ದೃಶ್ಯವನ್ನ ಇನ್ನೊಂದು ಸಲ ಓದಿ. ಗಣಿತಕ್ಕೆ ಮುಂಚೆ ಆ ವಿದ್ಯಾರ್ಥಿ ಮಾತಾಡ್ತಿದ್ದದ್ದು ಯಾರ ಬಗ್ಗೆ? ಲಿಜವೇತಾ ಬಗ್ಗೆ. ಅವಳು ನೋಡೋದಕ್ಕೆ ಹೇಗೆ, ಎಷ್ಟು ಮೆತ್ತಗೆ, ಯಾವಾಗ ನೋಡಿದ್ರೂ ಬಸುರಿ, ಅಕ್ಕನ ಕೈಲಿ ಹೇಗೆ ಹೊಡೆಸಿಕೊಳ್ತಾಳೆ ಅಂತ ನಕ್ಕೊಂಡು, ಒಂಥರಾ ರುಚಿ ಹಚ್ಚಿಕೊಂಡು ಹೇಳ್ತಿರ್ತಾನೆ. ಮುದುಕಿಯ ಪಾಪದ ಪಟ್ಟಿಯಲ್ಲಿ ತಂಗಿಗೆ ಕೊಡೋ ಹಿಂಸೆ ಒಂದು ಮುಖ್ಯ ಐಟಂ. 1865ರ ಸೆಪ್ಟೆಂಬರಿನಲ್ಲಿ ವೀಸ್‌ಬಾಡೆನ್‌ನಿಂದ, ಜೂಜಿನಲ್ಲಿ ಕೈ ಖಾಲಿ ಮಾಡಿಕೊಂಡು ಕೂತಿದ್ದ ದಾಸ್ತೋವ್‌ಸ್ಕಿ ಕತ್ಕೋವ್‌ಗೆ ಬರೆದ ಪತ್ರದಲ್ಲೂ ಕತೆಯ ಸಾರಾಂಶ ಹೀಗೇ ಇದೆ: ಮುದುಕಿ ತನ್ನ ತಂಗಿಯನ್ನ ಆಳಿನ ಹಾಗೆ ಇಟ್ಟುಕೊಂಡು ಹಿಂಸೆ ಕೊಡ್ತಾಳೆ, ಯುವಕ ಅವಳನ್ನ ಕೊಲ್ಲೋದಕ್ಕೆ ಕೊಟ್ಟುಕೊಳ್ಳೋ ಕಾರಣಗಳಲ್ಲಿ ಅದೂ ಒಂದು.

ಅಂದ್ರೆ ಆ ಗಣಿತದಲ್ಲಿ ಲಿಜವೇತಾ ಲಾಭದ ಕಡೆಯ ಕಾಲಮ್ಮಿನಲ್ಲಿದ್ದಳು! ಮುದುಕಿ ಸತ್ತರೆ ಮೊದಲು ಬಿಡುಗಡೆ ಆಗಬೇಕಾದ ಜೀವ ಅವಳದು. ಯಾರಿಗೆ ಒಳ್ಳೇದಾಗಲಿ ಅಂತ ಲೆಕ್ಕ ಹಾಕಿದ್ದರೋ ಅವಳ ತಲೆಯ ಮೇಲೇ ಕೊಡಲಿ ಬೀಳುತ್ತೆ. ಅದಕ್ಕಿಂತ ಹೆಚ್ಚು: ಮುದುಕಿ ಒಬ್ಬಳೇ ಮನೆಯಲ್ಲಿ ಇರೋ ಹೊತ್ತು ಯಾವುದು ಅನ್ನೋ ಮಾಹಿತಿ ಅವನಿಗೆ ಸಿಕ್ಕಿದ್ದೂ ಲಿಜವೇತಾಳಿಂದಲೇ. ಹುಲ್ಲುಪೇಟೆಯಲ್ಲಿ ಅವಳು ವ್ಯಾಪಾರಿ ದಂಪತಿ ಜೊತೆ ಮಾತಾಡೋದು, ಮರುದಿನ ಸಂಜೆ ಏಳಕ್ಕೆ ಬಾ ಅಂತ ಅವರು ಕರೆಯೋದು ಅವನ ಕಿವಿಗೆ ಬಿತ್ತು. ಕೊಲೆಯ ಇಡೀ ಪ್ಲಾನು ನಿಂತದ್ದು ಅವಳ ಗೈರುಹಾಜರಿಯ ಮೇಲೆ. ತನ್ನ ಮನೆಯಿಂದ ಮುದುಕಿಯ ಮನೆಗೆ 730 ಹೆಜ್ಜೆ ಅಂತ ಎಣಿಸಿಟ್ಟುಕೊಂಡ ಮನುಷ್ಯ, ಇವಳು ವಾಪಸ್ ಬರಬಹುದು ಅನ್ನೋದನ್ನ ಎಣಿಸಲಿಲ್ಲ. ಬಾಗಿಲು ಹಾಕಿಕೊಳ್ಳೋದನ್ನೂ ಮರೆತ.

ನಮ್ಮ ಭಾಷೆಯಲ್ಲಿ ಇದಕ್ಕೆ ಎಡ್ಜ್ ಕೇಸ್ ಅಂತಾರೆ. ಆ ಪದದಲ್ಲಿ ಒಂದು ಸಮಾಧಾನ ಇದೆ. ಮೂಲ ಡಿಸೈನ್ ಸರಿಯಿತ್ತು, ಎಲ್ಲೋ ಅಂಚಿನಲ್ಲಿ ಒಂದು ತಪ್ಪಾಯ್ತು ಅನ್ನೋ ಸಮಾಧಾನ. ರಸ್ಕೋಲ್ನಿಕೋವ್ ಕೂಡ ಹೆಚ್ಚುಕಮ್ಮಿ ಹಾಗೇ ಯೋಚಿಸ್ತಾನೆ. ಮೂರನೇ ಭಾಗದಲ್ಲಿ ಒಂದು ಕಡೆ ಅವನಿಗೇ ಅಚ್ಚರಿಯಾಗುತ್ತೆ: ಪಾಪದ ಲಿಜವೇತಾ, ಅವಳು ನನಗೆ ಯಾಕೆ ನೆನಪೇ ಆಗಲ್ಲ, ಅವಳನ್ನ ನಾನು ಕೊಂದೇ ಇಲ್ವೇನೋ ಅನ್ನೋ ಹಾಗೆ? ಅದಾದ ಸ್ವಲ್ಪ ಹೊತ್ತಿಗೆ ಕನಸು ಬೀಳುತ್ತೆ. ಕನಸಿನಲ್ಲಿ ಮತ್ತೆ ಕೊಡಲಿ, ಮತ್ತೆ ಮುದುಕಿ, ಎಷ್ಟು ಹೊಡೆದರೂ ಸಾಯದೆ ನಗೋ ಮುದುಕಿ. ಲಿಜವೇತಾ ಅಲ್ಲಿ ಇಲ್ಲ. ಪೊಲೀಸರ ಮುಂದೆ ಒಪ್ಪಿಕೊಳ್ಳೋದಕ್ಕೆ ಹೊರಟಾಗ ತಂಗಿ ದೂನ್ಯಾ ಜೊತೆ ಜಗಳ ಆಡ್ತಾ, ಯಾವ ಅಪರಾಧ, ನಾನು ಕೊಂದಿದ್ದು ಒಂದು ಹೇನಿನಂಥ ಮುದುಕಿಯನ್ನ ಅಂತ ಕೂಗಾಡ್ತಾನೆ. ಆ ಕೂಗಾಟದಲ್ಲೂ ಸಂಖ್ಯೆ ಒಂದೇ.

ನನ್ನ ಪ್ರಕಾರ ದಾಸ್ತೋವ್‌ಸ್ಕಿ ಇದನ್ನ ತಿಳಿದೇ ಮಾಡಿದ್ದಾನೆ. ಹೇಗಂದ್ರೆ, ನಾಯಕ ಮರೆತರೂ ಕಾದಂಬರಿ ಮರೆಯೋದಿಲ್ಲ. ಜ್ವರದಲ್ಲಿ ಮಲಗಿದ್ದಾಗ ಗೆಳೆಯರೆಲ್ಲ ಕೊಲೆಯ ಬಗ್ಗೆ ಹರಟೆ ಹೊಡೀತಿರ್ತಾರೆ. ಆಗ ಮನೆಗೆಲಸದ ನಸ್ತಾಸ್ಯಾ ಇದ್ದಕ್ಕಿದ್ದ ಹಾಗೆ, ಲಿಜವೇತಾನೂ ಕೊಂದ್ರಲ್ಲ, ಅವಳು ಇಲ್ಲಿಗೂ ಬರ್ತಿದ್ಲು, ನಿನ್ನ ಅಂಗಿನೂ ಹೊಲಿದುಕೊಟ್ಟಿದ್ಲು ಅಂತಾಳೆ. ರಸ್ಕೋಲ್ನಿಕೋವ್ ಗೋಡೆ ಕಡೆ ಹೊರಳಿ ಮಲಗ್ತಾನೆ. ಇಡೀ ಕಾದಂಬರಿಯಲ್ಲಿ ನನ್ನನ್ನ ಹೆಚ್ಚು ಹೊತ್ತು ಹಿಡಿದಿಟ್ಟ ಜಾಗ ಇದು. ಪೊರ್ಫೀರಿಯ ಜಾಣತನದ ವಿಚಾರಣೆ, ನೆಪೋಲಿಯನ್ ಸಿದ್ಧಾಂತ, ಸ್ವಿದ್ರಿಗೈಲೊವ್‌ನ ಕೊನೆಯ ರಾತ್ರಿ, ಇದೆಲ್ಲ ಒಂದು ತೂಕ ಆದ್ರೆ ಆ ಹರಿದ ಅಂಗಿಯ ಹೊಲಿಗೆ ಇನ್ನೊಂದು ತೂಕ. ಕೆಲಸದವಳ ನೆನಪಿನಲ್ಲಿ ಮಾತ್ರ ಇನ್ನೊಬ್ಬ ಕೆಲಸದವಳು ಉಳಿದಿದ್ದಾಳೆ.

ಹಾಗಾದ್ರೆ ಓದುಗರಾದ ನಾವು ಯಾಕೆ ಮರೀತೀವಿ? ಇದಕ್ಕೆ ಸ್ಟೀವನ್‌ಸನ್ ಹತ್ತಿರ ಒಂದು ಸುಳಿವಿದೆ. 'ಟ್ರೆಷರ್ ಐಲ್ಯಾಂಡ್' ಬರೆದ ಅದೇ ಸ್ಟೀವನ್‌ಸನ್. ಅವನು ಇದನ್ನ ಫ್ರೆಂಚ್ ಅನುವಾದದಲ್ಲಿ ಓದಿ 1886ರಲ್ಲಿ ಗೆಳೆಯ ಸೈಮಂಡ್ಸ್‌ಗೆ ಪತ್ರ ಬರೆದ. ಹೆನ್ರಿ ಜೇಮ್ಸ್‌ಗೆ ಪುಸ್ತಕ ಮುಗಿಸೋದಕ್ಕೇ ಆಗಲಿಲ್ಲ, ನನ್ನನ್ನ ಪುಸ್ತಕವೇ ಮುಗಿಸಿಬಿಡ್ತಿತ್ತು, ಕಾಯಿಲೆ ಬಿದ್ದ ಹಾಗಾಯ್ತು ಅನ್ನೋ ಅರ್ಥದ ಮಾತು. ಇವತ್ತು ಓದಿದವರೂ 'ಜ್ವರ ಬಂದ ಹಾಗೆ ಆಯ್ತು' ಅಂತಾನೇ ಹೇಳೋದು. ಯಾರ ಜ್ವರ ಅದು? ರಸ್ಕೋಲ್ನಿಕೋವನದ್ದು. ದಾಸ್ತೋವ್‌ಸ್ಕಿ ಮೊದಲು ಇದನ್ನ 'ನಾನು' ಅಂತ ಉತ್ತಮ ಪುರುಷದಲ್ಲಿ ಬರೆಯೋದಕ್ಕೆ ಹೊರಟಿದ್ದ, ಆಮೇಲೆ ಅದನ್ನ ಸುಟ್ಟುಹಾಕಿ ಹೊಸದಾಗಿ ಬರೆದ. 'ನಾನು' ಹೋದರೂ ಅವನ ತಲೆಯೊಳಗಿಂದ ನೋಡೋ ದೃಷ್ಟಿ ಹಾಗೇ ಉಳೀತು.

ಕೊಲೆಯಾದ ಮೇಲಿನ ದೃಶ್ಯ ನೆನಪಿಸಿಕೊಳ್ಳಿ. ಒಳಗೆ ಎರಡು ಹೆಣ. ಹೊರಗೆ ಇಬ್ಬರು ಗಿರಾಕಿಗಳು ಬಾಗಿಲು ಬಡೀತಿದ್ದಾರೆ. ಒಳಗಿನ ಕೊಕ್ಕೆ ಅಲುಗಾಡ್ತಾ ಇದೆ. ಆ ಕ್ಷಣದಲ್ಲಿ ನೀವು ಯಾರ ಕಡೆ ಇರ್ತೀರಿ? ಕೊಕ್ಕೆ ಬಿಟ್ಟುಕೊಳ್ಳದೆ ಇರಲಿ, ಅವರು ಕೆಳಗೆ ಹೋಗಲಿ, ಇವನು ತಪ್ಪಿಸಿಕೊಳ್ಳಲಿ ಅಂತ ಉಸಿರು ಬಿಗಿ ಹಿಡಿದು ಓದ್ತೀವಿ. ಲಿಜವೇತಾ ಸತ್ತು ಇನ್ನೂ ಹತ್ತು ಪುಟ ಕೂಡ ಆಗಿರಲ್ಲ. ಒಬ್ಬನ ತಲೆಯೊಳಗೆ ಕೂತು ನೋಡಿದರೆ ಅವನು ನೋಡದೇ ಇರೋದು ನಮಗೂ ಕಾಣಲ್ಲ. ಪಾಪಪ್ರಜ್ಞೆಯ ಬಗ್ಗೆ ಬೇಕಾದಷ್ಟು ಕಾದಂಬರಿಗಳಿವೆ. ಓದುಗನಿಗೇ ತಪ್ಪಿತಸ್ಥನ ಮರೆವನ್ನ ಅಂಟಿಸೋ ಕಾದಂಬರಿ ನನಗೆ ಬೇರೆ ಗೊತ್ತಿಲ್ಲ.

ಇಲ್ಲಿ ನಬೊಕೊವ್ ಅಡ್ಡ ಬರ್ತಾನೆ. ಅವನಿಗೆ ದಾಸ್ತೋವ್‌ಸ್ಕಿಯನ್ನ ಕಂಡರೆ ಆಗ್ತಿರಲಿಲ್ಲ ಅನ್ನೋದು ಎಲ್ಲರಿಗೂ ಗೊತ್ತು. ಸೋನ್ಯಾ ಬೈಬಲ್ಲಿನ ಲಾಜರಸನ ಕತೆ ಓದೋ ದೃಶ್ಯದಲ್ಲಿ ಕೊಲೆಗಾರನನ್ನೂ ವೇಶ್ಯೆಯನ್ನೂ ಒಂದೇ ಸಾಲಿನಲ್ಲಿ ಜೋಡಿ ಮಾಡಿ ಕೂರಿಸಿದ್ದು ಅವನಿಗೆ ಅಸಹ್ಯ. ಅವನ ಆಕ್ಷೇಪ ಸರಿಯಾಗೇ ಇದೆ: ರಸ್ಕೋಲ್ನಿಕೋವನ ಕೃತ್ಯವನ್ನ ವಿವರವಾಗಿ ತೋರಿಸ್ತಾನೆ, ಅದಕ್ಕೆ ಹಲವು ಕಾರಣ ಕೊಡ್ತಾನೆ, ಸೋನ್ಯಾಳ ಬದುಕನ್ನ ಮಾತ್ರ ಒಂದು ದಿನವೂ ತೋರಿಸೋದಿಲ್ಲ. ಅವಳ ಪಾಪ ಅನ್ನೋದನ್ನ ನಾವು ಸುಮ್ಮನೆ ನಂಬಿಕೊಳ್ಳಬೇಕು. ಹೌದು, ಈ ಕಾದಂಬರಿಯಲ್ಲಿ ಗಂಡಸಿಗೆ ಸಿದ್ಧಾಂತ ಇದೆ, ಹೆಂಗಸರಿಗೆ ಸಂಕಟ ಇದೆ. ಅದನ್ನ ನಾನೂ ಒಪ್ತೀನಿ.

ಆದರೆ ಅದೇ ದೃಶ್ಯದಲ್ಲಿ ನಬೊಕೊವ್ ಎತ್ತಿಕೊಳ್ಳದ ಒಂದು ವಸ್ತು ಮೇಜಿನ ಮೇಲಿದೆ. ಸೋನ್ಯಾ ಓದೋ ಆ ಹಳೆಯ ಹೊಸ ಒಡಂಬಡಿಕೆಯ ಪ್ರತಿ ಎಲ್ಲಿಂದ ಬಂತು ಅಂತ ರಸ್ಕೋಲ್ನಿಕೋವ್ ಕೇಳ್ತಾನೆ. ಲಿಜವೇತಾ ತಂದುಕೊಟ್ಟಿದ್ದು ಅಂತಾಳೆ ಸೋನ್ಯಾ. ಅವರಿಬ್ಬರೂ ಗೆಳತಿಯರು, ಜೊತೆಗೆ ಕೂತು ಓದ್ತಿದ್ದವರು. ಲಿಜವೇತಾ ಸೋನ್ಯಾಳಿಗೆ ತನ್ನ ತಾಮ್ರದ ಶಿಲುಬೆ ಕೊಟ್ಟಿದ್ದಳು, ಸೋನ್ಯಾ ಬದಲಿಗೆ ಒಂದು ಪುಟ್ಟ ದೇವರ ಪಟ ಕೊಟ್ಟಿದ್ದಳು. ಅವತ್ತು ಹೊರಡುವಾಗ ರಸ್ಕೋಲ್ನಿಕೋವ್ ಹೇಳೋ ಮಾತು ಗಮನಿಸಿ: ನಾಳೆ ಬಂದರೆ ಲಿಜವೇತಾಳನ್ನ ಕೊಂದವರು ಯಾರು ಅಂತ ಹೇಳ್ತೀನಿ ಅಂತಾನೆ. ಮುದುಕಿಯ ಮಾತಿಲ್ಲ. ಲಿಜವೇತಾ ಒಬ್ಬ ಮನುಷ್ಯಳಾಗಿ ಬದುಕಿದ್ದ ಒಂದೇ ಕೋಣೆ ಅದು. ಆ ಕೋಣೆಯೊಳಗೆ ಬಂದಾಗ ಅವನ ಬಾಯಿಂದ ಅವಳ ಹೆಸರು ಹೊರಡಲೇಬೇಕಾಗುತ್ತೆ. ಮರುದಿನ ನಿಜ ಗೊತ್ತಾದಾಗ ಸೋನ್ಯಾ ಹೆದರಿ ಕೈ ಮುಂದೆ ಚಾಚಿ ಹಿಂದೆ ಸರೀತಾಳೆ. ಆಗ ಅವನಿಗೆ ಅವಳ ಮುಖದಲ್ಲಿ ಲಿಜವೇತಾಳ ಮುಖ ಕಾಣುತ್ತೆ.

ಈಗ ಕೊನೆಯ ತಕರಾರು, ಉಪಸಂಹಾರ. 'ಕೊನೆಯ ಆ ಸೈಬೀರಿಯಾ ಅಧ್ಯಾಯ ಬೇಡಾಗಿತ್ತು, ಪ್ರೊಡ್ಯೂಸರ್ ಹೇಳಿದ ಅಂತ ಹ್ಯಾಪಿ ಎಂಡಿಂಗ್ ಅಂಟಿಸಿದ ಹಾಗಿದೆ' ಅನ್ನೋರು ಬಹಳ ಜನ. ಎಂಟು ವರ್ಷ ಶಿಕ್ಷೆ, ಪ್ರೀತಿ, ಪುನರ್ಜನ್ಮ, ಶುಭಂ. ಆದರೆ ಆ ಅಧ್ಯಾಯವನ್ನ ನಿಧಾನಕ್ಕೆ ಓದಿದರೆ ಹಾಗಿಲ್ಲ. ಕೊಲೆಯಾಗಿ ಹತ್ತಿರತ್ತಿರ ಒಂದೂವರೆ ವರ್ಷ ಆದಮೇಲೂ ರಸ್ಕೋಲ್ನಿಕೋವ್‌ಗೆ ಪಶ್ಚಾತ್ತಾಪ ಇಲ್ಲ! ತನ್ನ ಹಿಂದಿನದ್ದನ್ನ ಪರೀಕ್ಷೆ ಮಾಡಿ ನೋಡಿದರೆ ಅವನಿಗೆ ಸಿಗೋದು ಯಾರಿಗಾದರೂ ಆಗಬಹುದಾದ ಒಂದು ಎಡವಟ್ಟು ಮಾತ್ರ. ಇನ್ನೊಂದು ಸಲ ಕೋಡ್ ಬರೆದಿದ್ದರೆ ಸರಿಯಾಗಿ ಓಡ್ತಿತ್ತು ಅನ್ನೋ ಧಾಟಿ. ಹಾಗಾಗಿ 'ಪಶ್ಚಾತ್ತಾಪದ ಮಹಾಕಾದಂಬರಿ' ಅಂತ ಬೆನ್ನುಡಿ ಬರೆಯೋರು ಒಂದು ಸಲ ಒಳಗೂ ನೋಡೋದು ಒಳ್ಳೇದು. ಕೊನೆಯ ಪುಟಗಳಲ್ಲಿ ಏನೋ ಬದಲಾಗುತ್ತೆ, ನಿಜ. ಆದರೆ ಅದು ವಾದದಲ್ಲಿ ಸೋತು ಬಂದ ಬದಲಾವಣೆ ಅಲ್ಲ. ಅವನ ಗಣಿತವನ್ನ ಯಾರೂ ಬೋರ್ಡಿನ ಮೇಲೆ ಬರೆದು ತಪ್ಪು ಅಂತ ತೋರಿಸೋದಿಲ್ಲ. ನಮ್ಮಂಥವರಿಗೆ ಇದು ತುಂಬ ಕಿರಿಕಿರಿ ಮಾಡುತ್ತೆ. ಉತ್ತರ ಎಲ್ಲಿ ಅಂತ ಹುಡುಕ್ತೀವಿ.

ಉತ್ತರ ಸಿಗದಿದ್ದರೂ ಎರಡು ಸಣ್ಣ ಸಂಗತಿ ಸಿಗುತ್ತೆ. ಒಂದು, ಪೊಲೀಸ್ ಠಾಣೆಯಲ್ಲಿ ಅವನು ಒಪ್ಪಿಕೊಳ್ಳೋ ವಾಕ್ಯ. ಅದರಲ್ಲಿ ಮುದುಕಿಗೆ ಹೆಸರಿಲ್ಲ, ಅವಳು ಯಾರೋ ಗುಮಾಸ್ತನ ವಿಧವೆ, ಅಷ್ಟೇ. ಅವಳ ತಂಗಿಗೆ ಹೆಸರಿದೆ. ಐನೂರು ಪುಟ ತಪ್ಪಿಸಿಕೊಂಡು ಓಡಾಡಿದ ಆ ಹೆಸರನ್ನ ಸರ್ಕಾರಿ ಮೇಜಿನ ಮುಂದೆ ಅವನು ಬಾಯಿಬಿಟ್ಟು ಹೇಳಬೇಕಾಗುತ್ತೆ.

ಎರಡು, ಸೈಬೀರಿಯಾದಲ್ಲಿ ಅವನ ದಿಂಬಿನ ಕೆಳಗಿರೋ ಪುಸ್ತಕ. ಸೋನ್ಯಾ ಲಾಜರಸನ ಕತೆ ಓದಿದ್ದ ಅದೇ ಪ್ರತಿ ಅಂತ ದಾಸ್ತೋವ್‌ಸ್ಕಿ ನೆನಪಿಸ್ತಾನೆ. ಅದು ಮೊದಲು ಯಾರದಾಗಿತ್ತು ಅನ್ನೋದನ್ನ ಮಾತ್ರ ಅಲ್ಲಿ ಮತ್ತೆ ಹೇಳೋದಿಲ್ಲ. ನೆನಪಿಟ್ಟುಕೊಂಡ ಓದುಗನಿಗೆ ಅದನ್ನ ಬಿಟ್ಟುಕೊಡ್ತಾನೆ. ಪುಸ್ತಕ ಮುಗಿಯೋ ಹೊತ್ತಿಗೆ ಅವನು ಅದನ್ನ ಇನ್ನೂ ಬಿಡಿಸಿಲ್ಲ.

ಯಾರಾದ್ರೂ ಈ ಕಾದಂಬರಿ ಓದೋದಕ್ಕೆ ಶುರುಮಾಡ್ತಿದ್ರೆ, ಅಥವಾ ಕಾಲೇಜಿನಲ್ಲಿ ಓದಿ ಬಿಟ್ಟಿದ್ದನ್ನ ಮತ್ತೆ ಎತ್ಕೊಳ್ತಿದ್ರೆ, ಒಂದು ಪೆನ್ಸಿಲ್ ಇಟ್ಕೊಂಡು ಲಿಜವೇತಾ ಅನ್ನೋ ಹೆಸರು ಬಂದ ಕಡೆಯೆಲ್ಲ ಗುರುತು ಹಾಕ್ತಾ ಹೋಗಿ. ಬಹಳ ಕಡೆ ಇಲ್ಲ. ಎರಡು ಗುರುತಿನ ಮಧ್ಯೆ ಎಷ್ಟು ಪುಟ ಅವಳಿಲ್ಲದೆ ಆರಾಮಾಗಿ ಓದ್ಕೊಂಡು ಹೋದ್ರಿ ಅನ್ನೋದನ್ನೂ ಒಮ್ಮೆ ಎಣಿಸಿ ನೋಡಿ.